ತೋಟದ ಸೊಳ್ಳೆ

ಆಗಸ್ಟ್ 14, ಗುರುವಾರ

ಮೂವತ್ತರಲ್ಲಿ ಇಪ್ಪತ್ತೆರಡು. ಬೆಳಗಿನಿಂದ ತಲೆ ತಿನ್ನುತ್ತಿರುವ ಲೆಕ್ಕ ಇದೊಂದೇ. ಜ್ವರದ ವೈರಸ್ ಬೆರೆಸಿದ ರಕ್ತ ಕುಡಿಸಿದ್ದ ತೋಟದ ಸೊಳ್ಳೆಗಳ ರೆಕ್ಕೆ, ಕಾಲು ಕಿತ್ತು, ಸೊಂಡಿಲನ್ನು ಗಾಜಿನ ಕೊಳವೆಗೆ ತೂರಿಸಿ ಜೊಲ್ಲು ತೆಗೆದೆ. ಇಪ್ಪತ್ತೆರಡರ ಜೊಲ್ಲಿನಲ್ಲಿ ವೈರಸ್, ಅಂದರೆ ಕಚ್ಚಿದರೆ ಜ್ವರ ಅಂಟಿಸಬಲ್ಲವು. ಮೂವತ್ತು ಮನೆ ಸೊಳ್ಳೆಗಳಲ್ಲಿ ಹತ್ತೊಂಬತ್ತು. ಎಂಟು ವರ್ಷ ಮನೆ ಸೊಳ್ಳೆಯೊಂದನ್ನೇ ಶತ್ರು ಎಂದುಕೊಂಡು, ಬಲೆಗೆ ಬಿದ್ದ ತೋಟದ ಸೊಳ್ಳೆಗಳನ್ನು ಚಿಮಟದಿಂದ ಆರಿಸಿ ಆರಿಸಿ ಕಸಕ್ಕೆ ಹಾಕಿದವಳು ನಾನೇ.

“ಇನ್ನೊಂದ್ಸಲ ಮಾಡಿ ನೋಡಿ,” ಎಂದರು ಪ್ರಯೋಗಾಲಯದ ಮುಖ್ಯಸ್ಥರು. ಇದು ಮೂರನೆಯ ಸಲ ಎಂದು ಅವರಿಗೂ ಗೊತ್ತು.

ಸಂಜೆ ತಂಗಿಯ ಫೋನು. ಅವಳ ಬೀದಿಯ ಇನ್ನೆರಡು ಮನೆಗಳಲ್ಲಿ ಜ್ವರವಂತೆ. “ನಮಗೇನೂ ಭಯ ಇಲ್ಲ ಬಿಡಕ್ಕಾ. ಮನೆ ಸೊಳ್ಳೆನೇ ಕೆಟ್ಟದ್ದು ಅಂತ ನೀನೇ ಹೇಳಿದ್ಯಲ್ಲ, ಪಾಪುನ ಸಂಜೆಯೆಲ್ಲ ಹೊರಗೆ ಗಿಡಗಳ ಹತ್ರಾನೇ ಆಡಿಸ್ತೀನಿ.”

ಒಳಗೆ ಕರ್ಕೊಂಡು ಹೋಗೇ ಎನ್ನಲು ಬಾಯಿ ತೆರೆದೆ. ಒಳಗಾದರೂ ಏನಿದೆ? ಮೂವತ್ತರಲ್ಲಿ ಹತ್ತೊಂಬತ್ತು.

“ಮಗೂಗೆ ಉದ್ದ ತೋಳಿನ ಅಂಗಿ ಹಾಕು,” ಎಂದೆ.

“ಈ ಸೆಕೇಲಾ!” ಎಂದು ನಕ್ಕಳು. ನಾನೂ ನಕ್ಕುಬಿಟ್ಟೆ.