ಹೊನ್ನಿಯ ಒಗ್ಗುಪುಸ್ತಕ

ಗಾಳಿ ಎಣಿಕೆಯ ತೊಂಬತ್ತೊಂದನೇ ವರ್ಷ, ಹದಿಮೂರನೇ ತಿಂಗಳು, ಬಿಡುವಿನ ದಿನ
ಕಪ್ಪತಗುಡ್ಡದ ಬುಡದ ಊರು

ಪುಟ್ಟ ಮಕ್ಕಳಿಗಾಗಿ ಚಿತ್ರದ ಪುಸ್ತಕ ಬರೆಯುತ್ತಿರುವ ಹಿರಿಯರಿಗೆ ಮೈಲಾರಪ್ಪ ಚಿತ್ರಗಾರನ ಶರಣು.

ಹದಿಮೂರನೇ ತಿಂಗಳು ಎಲ್ಲಿಂದ ಬಂತಪ್ಪಾ ಎಂದು ನೀವು ಹುಬ್ಬು ಏರಿಸುವಿರಿ. ನಿಮಗೂ ನನಗೂ ನಡುವೆ ಏಳೆಂಟು ತಲೆಮಾರು ಕಳೆದಿವೆ. ಅಷ್ಟರಲ್ಲಿ ಒಂದು ತಿಂಗಳು ಹೆಚ್ಚಾದರೆ ಅದೇನು ದೊಡ್ಡ ಮಾತಲ್ಲ ಬಿಡಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಓದಿ ನಿಮ್ಮ ಹಾಗೆ ಬರೆಯಲು ಕಲಿತಿದ್ದೇನೆ. ಆದರೂ ನಡುನಡುವೆ ನಮ್ಮ ಪದಗಳು ನುಸುಳುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಕಸುಬುದಾರನಿಗೆ ವಯಸ್ಸಾದಾಗ, ಆ ಕಸುಬು ಯಾರಿಂದ ಬಂತೋ ಆ ಹಿಂದಿನವರಿಗೆ ಒಂದು ಕಾಗದ ಬರೆಯಬೇಕು. ಅದು ಹಿಂದಕ್ಕೆ ಹೋಗಿ ಮುಟ್ಟುತ್ತದೋ ಇಲ್ಲವೋ, ಕಂಡವರಿಲ್ಲ. ನೇಕಾರರು, ಕುಂಬಾರರು ಎದೆಯುಬ್ಬಿಸಿ ಬರೆಯುತ್ತಾರೆ. ನನಗಾದರೋ ಬರೆಯಲು ಕೂತಾಗಿನಿಂದ ತಲೆ ಎತ್ತಲು ನಾಚಿಕೆಯಾಗುತ್ತಿದೆ.

ಮೊದಲು ನಮ್ಮ ಬದುಕಿನ ರೀತಿ ತಿಳಿಯಲಿ. ಬಿಸಿಲಿಗೆ ಹೆದರಿ ನಾವು ಅರ್ಧ ನೆಲದೊಳಗೆ ಇಳಿದ ಮನೆಗಳಲ್ಲಿ ಬಾಳುತ್ತೇವೆ. ಮಧ್ಯಾಹ್ನ ಊರಿಗೆ ಊರೇ ಮಲಗಿರುತ್ತದೆ, ಸಂಜೆ ಬಾಗಿಲುಗಳು ತೆರೆದುಕೊಳ್ಳುತ್ತವೆ. ರೊಟ್ಟಿ ಮಾತ್ರ ಈಗಲೂ ಜೋಳದ್ದೇ, ಬಡಿಯುವ ಸದ್ದೂ ನಿಮ್ಮ ಕಾಲದ್ದೇ. ಗುಡ್ಡದ ಮೇಲೆ ನಿಂತಿರುವ ಗಾಳಿಯಂತ್ರಗಳೇ ನಮಗೆ ಅನ್ನ ಕೊಡುವ ಹೊಲ. ದುಡಿಯುವ ವಯಸ್ಸಿನ ಹೆಂಗಸರು, ಗಂಡಸರು ಮೇಲೆ ಹೋಗಿ ಒಂದು ‘ಬೀಸು’ ಇದ್ದು ಬರುತ್ತಾರೆ. ಬೀಸು ಎಂದರೆ ಗಾಳಿ ಒಂದೇ ದಿಕ್ಕಿನಿಂದ ಬೀಸುವಷ್ಟು ಕಾಲ, ನಿಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ತಿಂಗಳು. ಅಲ್ಲಿನ ಗಾಳಿಗೆ ದೊಡ್ಡವರೇ ಹಗ್ಗ ಹಿಡಿದು ನಡೆಯುತ್ತಾರೆ, ಇನ್ನು ಮಕ್ಕಳ ಮಾತೆಲ್ಲಿ? ಹಾಗಾಗಿ ಮನೆಗೆ ‘ಮಡಿಲವ್ವ’ ಬರುತ್ತಾಳೆ. ನೀವು ಆಯಾ ಎನ್ನುತ್ತೀರಿ, ಬೇಬಿಸಿಟ್ಟರ್ ಎಂದೂ ಎನ್ನುತ್ತೀರಿ. ಒಬ್ಬಳೇ ಮಡಿಲವ್ವ ಬಹಳ ಕಾಲ ಇದ್ದುಬಿಟ್ಟರೆ ಮಗು ಹೆತ್ತವಳನ್ನೇ ಮರೆತೀತು ಎಂದು ನಮ್ಮ ಹಿಂದಿನವರಿಗೆ ಭಯವಾಯಿತು. ಗಾಳಿ ತಿರುಗಿದಾಗಲೆಲ್ಲ ಮಡಿಲವ್ವನೂ ಬದಲಾಗಬೇಕು ಎಂದು ಕಟ್ಟಳೆ ಮಾಡಿದರು. ಎಂಥಾ ಜಾಣರು ನೋಡಿ.

ಹೊಸಬಳನ್ನು ಕಂಡರೆ ಮಗು ಸುಮ್ಮನಿದ್ದೀತೇ? ಕಿರುಚಾಡಿ ಓಣಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಅದಕ್ಕೆ ಮದ್ದು ಒಗ್ಗುಪುಸ್ತಕ, ಅಂದರೆ ಮಗು ಹೊಸಬಳಿಗೆ ಒಗ್ಗಲೆಂದು ಬರೆಯುವ ಚಿತ್ರದ ಪುಸ್ತಕ. ಈ ಕಸುಬನ್ನು ನಾವು ಕಲಿತದ್ದು ನಿಮ್ಮಿಂದ. ನಿಮ್ಮ ಕಾಲದ ಪುಸ್ತಕವೊಂದು ನನ್ನ ಗುರುಗಳ ಬಳಿ ಇತ್ತು. ಅದರಲ್ಲಿ ಹಳೆಯ ಆಂಟಿ ತನ್ನೂರಿಗೆ ಹೊರಡುತ್ತಾಳೆ, ಹೊಸ ಆಂಟಿ ಬರುತ್ತಾಳೆ. ಹುಡುಗ ಮಂಚದ ಕೆಳಗೆ ಸೇರಿಕೊಂಡು ಪುಟಗಟ್ಟಲೆ ಅಳುತ್ತಾನೆ. ಹೊಸ ಆಂಟಿ ಅವನನ್ನು ಎಳೆಯುವುದಿಲ್ಲ, ಮುದ್ದು ಮಾಡಲೂ ಹೋಗುವುದಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಾಳೆ. ಕೊನೆಗೆ ಹುಡುಗ ಕೈ ಚಾಚಿ ಒಂದು ಕಾಳು ಕೇಳುತ್ತಾನೆ. ಅಷ್ಟೇ ಕಥೆ. ನಮ್ಮವರಿಗೆ ಇದು ಬಲು ನಿಧಾನ ಅನ್ನಿಸಿತು. ಅಳುವ ಪುಟಗಳನ್ನು ತೆಗೆದೆವು, ಹೊರಟುಹೋಗುವವಳನ್ನೂ ತೆಗೆದೆವು.

ಅದರ ಬದಲು ನಾವು ಮಾಡಿದ್ದೇನು, ಕೇಳಿ. ಒಂದು ಮಗುವಿಗೆ ಒಂದೇ ಪುಸ್ತಕ. ಅದರಲ್ಲಿ ಮಡಿಲವ್ವ ಮೈಗೆ ನೀರು ಹಾಕುತ್ತಾಳೆ, ತಲೆ ಬಾಚುತ್ತಾಳೆ, ತುತ್ತು ಕೊಡುತ್ತಾಳೆ. ಅದೇ ಹಸಿರು ಸೀರೆ, ಅದೇ ತೊಡೆ, ಅದೇ ಬಳೆ. ಹೆಂಗಸು ಬದಲಾದಾಗ ಹೊಸಬಳ ಮುಖವನ್ನು ತೆಳು ಕಾಗದದ ಮೇಲೆ ಬರೆದು, ಹಳೆಯ ಮುಖ ಕಿತ್ತು ಆ ಜಾಗಕ್ಕೆ ಅಂಟಿಸುತ್ತೇವೆ. ಇದಕ್ಕೆ ‘ಮುಖ ಹಚ್ಚುವುದು’ ಎಂದು ಹೆಸರು. ಬಂದವಳೂ ಹಸಿರು ಸೀರೆಯನ್ನೇ ಉಡಬೇಕು, ಅವಳನ್ನೂ ಮಡಿಲವ್ವ ಎಂದೇ ಕರೆಯಬೇಕು. ಊಟದ ಹೊತ್ತಿಗೆ ಹಳಬಳು ಮಗುವನ್ನು ತೊಡೆಯಿಂದ ತೊಡೆಗೆ ದಾಟಿಸುತ್ತಾಳೆ, ಪುಸ್ತಕ ಬರೆದವನು ಎದುರಿಗೆ ಕೂತು ಓದುತ್ತಾನೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಹಳಬಳು ಹಿತ್ತಲ ಬಾಗಿಲಿನಿಂದ ಹೋಗಿರುತ್ತಾಳೆ. ಮಗು ತಿರುಗಿ ನೋಡಿದರೆ ಪುಸ್ತಕದಲ್ಲಿರುವ ಮುಖವೇ ಹಿಂದೆ ಕೂತಿದೆ. ಬಾಯಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ. ನಮ್ಮೂರಿನ ಮಕ್ಕಳು ಅಳುವುದೇ ಇಲ್ಲ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡೆವು. ಎಲ್ಲರಿಗಿಂತ ಜೋರಾಗಿ ಕೊಚ್ಚಿಕೊಂಡವನು ನಾನೇ.

ಈಗ ನಮ್ಮ ಓಣಿಯ ಹೊನ್ನಿಯ ವಿಷಯ. ಮೂರು ತುಂಬಿದ ಹುಡುಗಿ, ಬಾಯಿ ಬಲು ಜೋರು, ನನ್ನ ಬಣ್ಣದ ಬಟ್ಟಲಿಗೆಲ್ಲ ಬೆರಳದ್ದುವವಳು. ಅಪ್ಪ ಇಲ್ಲ. ಅವ್ವ ಕಸ್ತೂರಿ ಗಾಳಿಯಂತ್ರದ ರೆಕ್ಕೆ ತಿಕ್ಕುವ ಕೆಲಸದವಳು. ಈ ವರ್ಷ ಮೇಲೆ ಯಂತ್ರಗಳು ಮುರಿದು, ಅವಳು ಒಂದರ ಬದಲು ಎರಡು ಬೀಸು ಅಲ್ಲೇ ಇರಬೇಕಾಯಿತು. ಕೆಳಗೆ ಮಡಿಲವ್ವನಾಗಿದ್ದ ಫಕೀರವ್ವ ಹೋಗಿ ಶಿವಗಂಗಾ ಎಂಬುವಳು ಬಂದಳು. ನಾನೇ ಮುಖ ಹಚ್ಚಿ, ನಾನೇ ಓದಿದೆ. ಹೊನ್ನಿ ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಒಗ್ಗಿಬಿಟ್ಟಳು. ಫಕೀರವ್ವ ಹಿತ್ತಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದು ಕಾಣಿಸುತ್ತಿತ್ತು. ನಾನು ಕಾಣದವನ ಹಾಗೆ ಓದುತ್ತಾ ಹೋದೆ.

ಕಡೆಗೂ ಕಸ್ತೂರಿ ಇಳಿದು ಬಂದಳು. ಗಾಳಿಗೆ ಮುಖ ಕಪ್ಪಿಟ್ಟಿತ್ತು, ಕೂದಲು ಮೋಟಾಗಿತ್ತು, ಸೆರಗಿನ ತುಂಬ ಮಗಳಿಗೆಂದು ಕವಳಿಹಣ್ಣು. ಹೊನ್ನಿ ಶಿವಗಂಗಾಳ ಬೆನ್ನಿನ ಹಿಂದೆ ಅಡಗಿದಳು. ಕಸ್ತೂರಿ ನಕ್ಕಳು. “ಏ ಹುಚ್ಚಿ, ನಾ ನಿಮ್ಮವ್ವ ಅದೀನಿ, ಬಾ ಇಲ್ಲೆ” ಎಂದು ಕೈ ಚಾಚಿದಳು. ಹುಡುಗಿ ಒಳಗೆ ಓಡಿ ಒಗ್ಗುಪುಸ್ತಕ ತಂದಳು. ಒಂದೊಂದು ಪುಟ ತಿರುವುತ್ತಾ ಚಿತ್ರವನ್ನೂ ಅವ್ವನ ಮುಖವನ್ನೂ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, “ನೀ ಇದರಾಗ ಇಲ್ಲ” ಎಂದಳು. ಮಗು ತಾಯಿಯನ್ನು ಮರೆಯಬಾರದೆಂದು ಕಟ್ಟಳೆ ಮಾಡಿದವರು ಬದುಕಿದ್ದರೆ ಅವರನ್ನು ಕರೆತಂದು ಆ ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದೆ.

ಕಸ್ತೂರಿ ಕಾದಳು. ಮಗಳು ಮಲಗಿದ ಮೇಲೆ ಚಾಪೆಯ ಅಂಚಿಗೆ ಹೋಗಿ ಮಲಗುವಳು, ಎಚ್ಚರವಾಗುವ ಮೊದಲೇ ಎದ್ದುಬಿಡುವಳು. ಶಿವಗಂಗಾಳಂತೂ ತನ್ನದೇ ತಪ್ಪೆಂಬಂತೆ ಮೂಲೆ ಹಿಡಿದಳು. ರಜೆ ಅರ್ಧಕ್ಕರ್ಧ ಕಳೆದಾಗ ಕಸ್ತೂರಿ ನನ್ನ ಮನೆಗೆ ಬಂದು ಕಂಬಕ್ಕೊರಗಿ ನಿಂತಳು. “ಚಿತ್ರಗಾರ ಕಾಕಾ, ನನ್ನ ಮುಖಾನೂ ಅದಕ್ಕ ಹಚ್ಚಿಬಿಡ್ರಿ” ಎಂದಳು. ನನ್ನ ಕೈಯಲ್ಲಿದ್ದ ಕುಂಚ ಬಟ್ಟಲಲ್ಲೇ ಉಳಿಯಿತು. “ಹಡೆದವ್ವಗ ಒಗ್ಗುಪುಸ್ತಕ ಎಲ್ಲೆರ ಐತೇನವ್ವಾ? ಸ್ವಲ್ಪ ತಡಿ, ತಾನ ಬರ್ತಾಳ” ಎಂದೆ. “ತಡ್ಯಾಕ ನನಗ ಹೊತ್ತೆಲ್ಲೈತ್ರಿ? ಮತ್ತ ಮ್ಯಾಲ ಹೋಗೂದೈತಿ. ಅಷ್ಟರಾಗ ಒಮ್ಮೆ ನನ್ನ ತೊಡಿ ಮ್ಯಾಲ ಕುಂತ್ರ ಸಾಕ್ರಿ” ಎಂದು ಕೈ ಮುಗಿದಳು.

ಬೇಡ ಎನ್ನಬೇಕಿತ್ತು. ಆ ಪುಸ್ತಕದಲ್ಲಿ ಸೇರಿದ ಮುಖ ಕಿತ್ತು ಹಾಕುವ ಮುಖ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಹಚ್ಚಿದೆ. ಮೋಟು ಕೂದಲು, ಕಪ್ಪಿಟ್ಟ ಕೆನ್ನೆ ಎಲ್ಲಾ ತಪ್ಪಿಲ್ಲದೆ ಮೂಡಿತು, ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆ. ಕಸ್ತೂರಿ ಹಸಿರು ಸೀರೆ ಉಟ್ಟು ಬಂದು ಕೂತಳು, ಶಿವಗಂಗಾ ಹಿತ್ತಲಿನಿಂದ ಹೋದಳು, ನಾನು ಓದಿದೆ. ಹೊನ್ನಿ ತಿರುಗಿ ನೋಡಿ, ಪುಸ್ತಕ ನೋಡಿ, ಬಾಯಿ ತೆರೆದಳು. ಕಸ್ತೂರಿಯ ಕಣ್ಣೀರು ಸಾರಿನ ಬಟ್ಟಲಿಗೇ ಬಿತ್ತು. ಆಮೇಲಿನ ದಿನಗಳಲ್ಲಿ ಅವ್ವ ಮಗಳು ಒಂದೇ ಕೌದಿಯಲ್ಲಿ ಮಲಗಿದರು, ಒಂದೇ ತಟ್ಟೆಯಲ್ಲಿ ಉಂಡರು. ಓಣಿಯವರು ನನ್ನನ್ನು ಹೊಗಳಿದರು.

ಇವತ್ತು ಕಸ್ತೂರಿ ಮತ್ತೆ ಗುಡ್ಡ ಹತ್ತಬೇಕಿತ್ತು. ನಿಮ್ಮ ಕಾಲದ ತಾಯಂದಿರು ಕೆಲಸಕ್ಕೆ ಹೊರಡುವಾಗ ಮಗು ಎಲ್ಲಿ ಅತ್ತೀತೋ ಎಂದು ಹೆದರುತ್ತಿದ್ದರಂತೆ. ಇವಳು ಎಲ್ಲಿ ಅಳದೆ ಇದ್ದೀತೋ ಎಂದು ಹೆದರಿ ನಿಂತಿದ್ದಳು. ಚೀಲವನ್ನು ಹೆಗಲಿಗೆ ಹಾಕಿದಳು, ಇಳಿಸಿದಳು, ಮತ್ತೆ ಹಾಕಿದಳು. “ಹೊನ್ನೀ, ನಾ ಹೋಗಿ ಬರ್ಲೇನ?” ಎಂದಳು. “ಹೂಂ” ಎಂದಿತು ಮಗು. “ಅಳೂದಿಲ್ಲೇನ ನೀ?” ಎಂದು ಬಗ್ಗಿ ಕೇಳಿದಳು. ಹೊನ್ನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಓಡಿಹೋಗಿ ಪುಸ್ತಕ ತಂದಳು. ಅವ್ವನ ಹತ್ತಿರ ಹೋಗಲಿಲ್ಲ, ಕಸ್ತೂರಿಯನ್ನು ಕಳಿಸಲು ಬಂದು ನಿಂತಿದ್ದ ನನ್ನ ಹತ್ತಿರ ಸೀದಾ ಬಂದಳು. ಅವ್ವನ ಕಣ್ಣೆದುರಿಗೇ ಆ ಮುಖದ ಅಂಚಿಗೆ ಪುಟ್ಟ ಉಗುರು ಹಾಕಿ ಎಬ್ಬಿಸುತ್ತಾ, “ಅಜ್ಜಾ, ಇದನ್ನ ತಗಿ. ಈಗ ಯಾರು?” ಎಂದು ಕೇಳಿದಳು.

ಕಸ್ತೂರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಚೀಲ ಎತ್ತಿಕೊಂಡು ಗುಡ್ಡದ ದಾರಿ ಹಿಡಿದು ಹೋದಳು.

ಹಿರಿಯರೇ, ನಿಮ್ಮ ಮುಂದೆ ಉಪದೇಶ ಮಾಡುವ ಮುಖ ನನಗಿಲ್ಲ. ಬೇಡಿಕೊಳ್ಳುತ್ತೇನೆ ಅಷ್ಟೇ. ನಿಮ್ಮ ಪುಸ್ತಕದಲ್ಲಿ ಹೊರಟುಹೋಗುವವಳಿಗೆ ಅವಳದೇ ಮುಖ, ಅವಳದೇ ಹೆಸರು ಇರಲಿ. ಎಲ್ಲಿಗೆ ಹೋದಳು ಎಂದು ಮಗುವಿಗೆ ಹೇಳಿ. ಮುಂಬಾಗಿಲಿನಿಂದಲೇ ಅವಳನ್ನು ಕಳಿಸಿ. ಅವಳ ಕಾಲು ಹಿಡಿದು ಮಗು ರಂಪ ಮಾಡಿದರೆ ಮಾಡಲಿ, ಪುಸ್ತಕ ಕೆಟ್ಟಿತೆಂದು ತಿಳಿಯಬೇಡಿ. ಪುಸ್ತಕ ಬೇಗ ಕೆಲಸ ಮಾಡಬೇಕು ಎಂದು ಯಾರಾದರೂ ಅವಸರಪಡಿಸಿದರೆ, ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಸಂಜೆ ಹೊತ್ತಿಗೆ ಹೊಸ ಮಡಿಲವ್ವ ಬರುತ್ತಾಳೆ. ಅವಳ ಮುಖ ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಹೊನ್ನಿ ನನ್ನ ಪಕ್ಕದಲ್ಲೇ ಕೂತು, “ಈಗ ಯಾರು, ಅಜ್ಜಾ?” ಎಂದು ಆಗಿನಿಂದ ಕೇಳುತ್ತಲೇ ಇದ್ದಾಳೆ. ನಿಮ್ಮವ್ವ ಹೋದಳು, ಅದಕ್ಕೆ ಅಳಬೇಕು ಮಗಳೇ ಎಂದು ಮೂರು ವರ್ಷದ ಕೂಸಿಗೆ ಹೇಗೆ ಕಲಿಸುವುದು? ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಇಂತಿ,
ಮೈಲಾರಪ್ಪ ಚಿತ್ರಗಾರ