ನನ್ನ ಪರವಾಗಿ ಒಪ್ಪಿದವನಿಗೆ

ನೊಣವಿನಕೆರೆ
೧೬ ಫೆಬ್ರವರಿ ೨೦೨೫, ಭಾನುವಾರ

ಗೆಳೆಯ ತೋಂಟದಾರ್ಯನಿಗೆ ಅಂಜನಪ್ಪನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು. ಹಸು ಚೆನ್ನಾಗಿದೆ, ತೋಟ ಚೆನ್ನಾಗಿದೆ. ಮಿಕ್ಕದ್ದನ್ನು ಮುಂದೆ ನೋಡೋಣ. ಹನ್ನೆರಡು ದಿನದಿಂದ ನಿನ್ನ ಫೋನು ಎತ್ತಿಲ್ಲ, ವಾಟ್ಸಾಪಿನಲ್ಲಿ ನೀನು ಕಳಿಸಿದ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ. ಅದಕ್ಕೆ ಕ್ಷಮಿಸು. ತಿಪಟೂರಿಗೆ ಬೇಕಾದಷ್ಟು ಬಸ್ಸಿರುವಾಗ ಇವನು ಯಾಕಪ್ಪ ಕಾಗದ ಬರೆಯುತ್ತಾನೆ ಎಂದು ನೀನು ನಗಬಹುದು. ನಗು. ನಿನ್ನ ಎದುರಿಗೆ ಕೂತರೆ ನಾನು ಮಾತಾಡುವವನಲ್ಲ, ನೀನು ಮಾತಾಡುವವನು. ಆರನೇ ಕ್ಲಾಸಿನಿಂದ ಹಾಗೇ ನಡೆದುಕೊಂಡು ಬಂದಿದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಇದರ ಜೊತೆಗಿರುವ ನೀಲಿ ಫೈಲಿನಲ್ಲಿ ಸ್ಪೇನಿನ ಗಾಲ್ಫ್ ಪ್ರವಾಸದ ಕಾಗದಗಳೆಲ್ಲ ಇವೆ. ಒಂದೂ ಇಟ್ಟುಕೊಂಡಿಲ್ಲ. ವೀಸಾಕ್ಕೆ ಬೆಂಗಳೂರಿನಲ್ಲಿ ಮಾರ್ಚ್ ಐದಕ್ಕೆ ಬರಹೇಳಿದ್ದಾರೆ, ಫೋಟೋದಲ್ಲಿ ವಿಭೂತಿ ಇದ್ದರೆ ನಡೆಯುತ್ತದೆ, ಕನ್ನಡಕ ಬೇಡ. ಅಲ್ಲಿ ಉಳಿಯಲು ಅಡುಗೆಮನೆ ಇರುವ ಮನೆಯನ್ನೇ ಹಿಡಿದಿದ್ದೇನೆ, ಮಾಂಸದ ಪಾತ್ರೆಯ ಭಯವಿಲ್ಲ, ಎಲ್ಲ ಹೊಸ ಪಾತ್ರೆ ಕೊಡುತ್ತಾರೆ. ನಿಮ್ಮ ಮನೆಯ ಕುಕ್ಕರು ಅಲ್ಲಿನ ಕರೆಂಟು ಒಲೆಗೆ ಆಗುವುದಿಲ್ಲ, ಬೇರೆ ತಗೊಳ್ಳಿ. ರಾಗಿಹಿಟ್ಟು, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಮೊಸರು ಒಯ್ಯುವ ಹಾಗಿಲ್ಲ, ಹಿಡಿದು ಬಿಸಾಡುತ್ತಾರೆ. ಯಾವ ದಿನ ಯಾವ ಮೈದಾನ, ಎಷ್ಟು ಗಂಟೆಗೆ ಮೊದಲ ಹೊಡೆತ, ಎಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಈಗ ಸ್ವಲ್ಪ ಬರೆಯುತ್ತೇನೆ, ಮರೆತಿದ್ದೀಯ ಅನ್ನಿಸುತ್ತಿದೆ. ನಾಲ್ಕು ವರ್ಷದ ಹಿಂದೆ ಯಾರೋ ವ್ಯಾಪಾರದವರು ನಿನ್ನನ್ನು ಬೆಂಗಳೂರಿನಾಚೆಯ ರೆಸಾರ್ಟಿಗೆ ಕರೆದುಕೊಂಡು ಹೋಗಿ ಗಾಲ್ಫ್ ಕೋಲು ಕೈಗೆ ಕೊಟ್ಟರು. ಮಾರನೆಯ ಬೆಳಿಗ್ಗೆ ನನ್ನ ತೋಟದಲ್ಲಿ ನಿಂತಿದ್ದೆ ನೀನು, ನನಗೂ ಕಲಿಸಿಕೊಡು ಕಣ್ಲಾ ಎಂದು. ನನಗೆ ಆ ಆಟ ಬರುತ್ತದೆ ಎಂದು ಇಡೀ ತಾಲ್ಲೂಕಿನಲ್ಲಿ ಗೊತ್ತಿದ್ದವನು ನೀನೊಬ್ಬನೇ. ಹತ್ತೊಂಬತ್ತನೇ ವಯಸ್ಸಿನಿಂದ ಎಂಟು ವರ್ಷ ನಾನು ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದೆ, ಅಂದರೆ ಆಡುವ ಸಾಹೇಬರ ಕೋಲಿನ ಚೀಲ ಹೊತ್ತು ಅವರ ಹಿಂದೆ ನಡೆಯುವವನು. ಸೋಮವಾರ ಕ್ಲಬ್ಬಿಗೆ ರಜೆ, ಅವತ್ತು ಮಾತ್ರ ನಮ್ಮನ್ನು ಆಡಲು ಬಿಡುತ್ತಿದ್ದರು. ನೀನಾಗ ಅಲ್ಲೇ ಬಿ.ಕಾಂ. ಓದುತ್ತಿದ್ದೆ, ಕಾಲೇಜು ತಪ್ಪಿಸಿ ಬೇಲಿಯಾಚೆ ನಿಂತು ನೋಡುತ್ತಿದ್ದೆ. ಅಪ್ಪ ತೀರಿಕೊಂಡು ನಾನು ಊರಿಗೆ ಬಂದಾಗ, ಚೀಲ ಹೊತ್ತ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ಕೇಳಿಕೊಂಡೆ. ನೀನು ನನ್ನ ತಲೆ ಮುಟ್ಟಿ ಆಯಿತು ಎಂದಿದ್ದೆ.

ಎರಡು ಸಾಲು ತೆಂಗಿನ ನಡುವೆ ನೆಲ ಹಸನು ಮಾಡಿ ನಿನಗೆ ಕಲಿಸಿದೆ. ಚೆಂಡು ಕೊಡುವ ಮೊದಲು ಎರಡು ತಿಂಗಳು ಮರದಿಂದ ಉದುರಿದ ಹರಳುಗಳನ್ನೇ, ಆ ಎಳೆ ತೆಂಗಿನ ಮಿಡಿಗಳನ್ನೇ, ಹೊಡೆಸಿದೆ. ಸಾಲಿನ ನಡುವೆ ನೆಟ್ಟಗೆ ಹೋಗಬೇಕು, ಮರಕ್ಕೆ ಬಡಿದರೆ ತಪ್ಪು. ನಿನ್ನ ಚೆಂಡು ಎಷ್ಟು ಸಲ ಮರಕ್ಕೆ ಬಡಿದು ನಿನ್ನ ಮೊಣಕಾಲಿಗೇ ವಾಪಸು ಬಂತೋ ಲೆಕ್ಕವಿಲ್ಲ. ನೀನು ಕುಂಟುವಾಗ ನಾನು ನಕ್ಕಿದ್ದೇನೆ, ನಿಜ. ಆಮೇಲೆ ನಿನ್ನ ಹಿಂದೆ ಎಣ್ಣೆ ಗಿರಣಿಯ ನಂಜುಂಡಪ್ಪ ಬಂದರು, ನಾರಿನ ಫ್ಯಾಕ್ಟರಿಯ ಮಲ್ಲೇಶ್ ಬಂದ, ಪೆಟ್ರೋಲ್ ಬಂಕಿನ ಮೋಹನ್ ಕುಮಾರ್ ಬಂದ. ನಾಲ್ವರಿಗೂ ಕಾಲು ಎಲ್ಲಿಡಬೇಕು, ಹೆಬ್ಬೆಟ್ಟು ಎಲ್ಲಿರಬೇಕು ಎಂದು ತೋರಿಸಿದ್ದು ಈ ಕೈ. ನೀವು ಭಾನುವಾರ ಕಾರಿನಲ್ಲಿ ಹೋಗಿ ದೊಡ್ಡ ಮೈದಾನದಲ್ಲಿ ಆಡುವಾಗಲೂ ನಾನು ಹಿಂದೆ ನಿಂತು ಭುಜ ತಿದ್ದುವವನೇ. ಒಂದು ದಿನವೂ ಆಡಲಿಲ್ಲ, ನೀವು ಆಡು ಎನ್ನಲೂ ಇಲ್ಲ, ನಾನು ಕೇಳಲೂ ಇಲ್ಲ.

ಹೋದ ದೀಪಾವಳಿಯಲ್ಲಿ ಸ್ಪೇನಿಗೆ ಹೋಗಿ ಆಡೋಣ ಎಂದವನು ನೀನು. ಐದು ಜನ ಹೋಗೋಣ, ಅಂಜನಪ್ಪನೂ ನಮ್ಮ ಜೊತೆ ಆಡುತ್ತಾನೆ ಎಂದವನೂ ನೀನೇ. ನನ್ನ ಖರ್ಚು ನನ್ನದು ಎಂದು ಅವತ್ತೇ ಹೇಳಿದೆ. ಆಮೇಲೆ ಈ ಪ್ರವಾಸವನ್ನು ತಲೆ ಮೇಲೆ ಹೊತ್ತುಕೊಂಡೆ. ಟರ್ಕಿ ನೋಡಿದೆ, ಪೋರ್ಚುಗಲ್ ನೋಡಿದೆ, ಕಡೆಗೆ ಸ್ಪೇನಿನ ದಕ್ಷಿಣದ ಕರಾವಳಿಯೇ ಸರಿ ಎಂದು ತೀರ್ಮಾನಿಸಿದೆ. ಏಪ್ರಿಲ್ಲಿನಲ್ಲಿ ಬೆವರಿಳಿಸದ ಬಿಸಿಲು, ಸಾಲುಸಾಲು ಆಲಿವ್ ಮರ, ಆಚೆಗೆ ನೀಲಿ ಸಮುದ್ರ. ನನ್ನ ಇಂಗ್ಲಿಷು ಸಾಹೇಬರ ಬಾಯಿಂದ ಕೇಳಿ ಕಲಿತದ್ದು, ಬರೆಯುವಾಗ ತಮ್ಮನ ಮಗಳು ಸ್ಪಂದನ ತಿದ್ದಿಕೊಡುತ್ತಿದ್ದಳು. ಅಲ್ಲಿನ ಆಫೀಸಿನ ಮಾರ್ತಾ ಎಂಬ ಹೆಂಗಸು ನನಗೆ ಮೂವತ್ತು ಮೇಲ್ ಬರೆದಿದ್ದಾಳೆ. ಒಂದು ಗುಂಪಿಗೆ ನಾಲ್ವರೇ, ಐದು ಜನ ಎಂದರೆ ಮೂವರದ್ದೊಂದು, ಇಬ್ಬರದ್ದೊಂದು ಗುಂಪು ಮಾಡಿಕೊಡುತ್ತೇವೆ ಎಂದು ಒಪ್ಪಿದ್ದಳು.

ನಿನಗೆ ಹೇಳದ ಒಂದು ಹುಚ್ಚು ಇದೆ, ಈಗ ಹೇಳುತ್ತೇನೆ. ಅಲ್ಲಿ ಚೆಂಡು ಬೀಳಿಸಬೇಕಾದ ಒಂದೊಂದು ಗುಂಡಿಯ ದೂರವನ್ನೂ ನಮ್ಮ ತೋಟದಲ್ಲಿ ಹೆಜ್ಜೆ ಹಾಕಿ ಅಳೆದಿದ್ದೇನೆ. ಏಳನೆಯದು ನೂರ ನಲವತ್ತು ಗಜ, ಎಡಕ್ಕೆ ನೀರು. ನಮ್ಮ ಬಾವಿಯಿಂದ ಹುಣಸೆಮರಕ್ಕೆ ಸರಿಯಾಗಿ ಅಷ್ಟೇ. ಮೂರು ತಿಂಗಳು ದಿನಾ ಬೆಳಿಗ್ಗೆ ಅದನ್ನೇ ಹೊಡೆದೆ. ನಮ್ಮ ಮನೆಯಾಕೆ ಹನುಮಂತಮ್ಮ ಹಾಲು ಕರೆದು ಬರುತ್ತಾ ನಿಂತು ನೋಡಿ, ಇದೇನ್ರೀ ಈ ವಯಸ್ಸಲ್ಲಿ ಎಂದು ನಗುತ್ತಿದ್ದಳು, ಸ್ಪಂದನಳಿಗೆ ಹೇಳಿ ನನಗೊಂದು ಬಿಳಿ ಟೋಪಿ ತರಿಸಿದಳು. ನನಗೀಗ ಅರವತ್ತೊಂದು. ಎಂಟು ವರ್ಷ ಬೇರೆಯವರ ಚೆಂಡಿನ ಹಿಂದೆ ನಡೆದಿದ್ದೇನೆ. ಒಂದು ವಾರ ನನ್ನ ಚೆಂಡಿನ ಹಿಂದೆ ನಾನು ನಡೆಯಬೇಕು ಎಂಬುದೊಂದೇ ಆಸೆ ಇತ್ತು. ಇದಕ್ಕಿಂತ ಹೆಚ್ಚಿನದನ್ನು ನಾನು ಯಾರ ಹತ್ತಿರವೂ ಕೇಳಿಲ್ಲ.

ಈ ತಿಂಗಳ ನಾಲ್ಕನೇ ತಾರೀಕು ಮಾರ್ತಾಳ ಮೇಲ್ ಬಂತು. ನಿಮ್ಮ ಕಡೆಯವರು ಕೇಳಿದ ಬದಲಾವಣೆ ಮಾಡಿದ್ದೇವೆ, ಆಟಗಾರರು ನಾಲ್ವರು, ಕ್ಯಾಡಿ ಒಬ್ಬರು ಎಂದು ಬರೆದಿದ್ದಳು. ತಪ್ಪಾಗಿ ಬರೆದಿದ್ದಾಳೆ ಎಂದುಕೊಂಡೆ. ಕೆಳಗೆ ನೋಡಿದರೆ ನಿನ್ನ ಮಗಳು ವರ್ಷಿಣಿಯ ಮೇಲ್ ಹಾಗೇ ಇತ್ತು. ಅಪ್ಪ ಹೇಳಿದ್ದಾರೆ, ಅಂಜನಪ್ಪನವರು ಆಡುವುದಿಲ್ಲ, ಚೀಲ ನೋಡಿಕೊಳ್ಳಲು ಬರುತ್ತಾರೆ, ಅವರು ಇದಕ್ಕೆ ಒಪ್ಪಿದ್ದಾರೆ ಎಂದು. ಮಾರ್ತಾ ಕೊನೆಗೆ ಇನ್ನೊಂದು ಮಾತು ಸೇರಿಸಿದ್ದಳು. ನಮ್ಮಲ್ಲಿ ಚೀಲ ಹೊರಲು ಯಾರನ್ನೂ ಕರೆತರಬೇಕಿಲ್ಲ, ಎಳೆದುಕೊಂಡು ಹೋಗಲು ಎರಡು ಚಕ್ರದ ಗಾಡಿ ಕೊಡುತ್ತೇವೆ, ಆದರೂ ಅವರಿಗೆ ಇಷ್ಟವಿದ್ದರೆ ಬರಲಿ ಎಂದು. ನನಗೆ ಇಷ್ಟವಿದ್ದರೆ! ಮೈಯೆಲ್ಲ ಉರಿದುಹೋಯಿತು ತೋಂಟದಾರ್ಯ. ಅಲ್ಲಿ ಗಾಡಿ ಇದ್ದರೂ ನಿಮಗೆ ನಾನೇ ಬೇಕಾಯಿತು.

ಅವತ್ತೇ ಬಸ್ಸು ಹತ್ತಿ ನಿನ್ನ ಕೊಬ್ಬರಿ ಮಂಡಿಗೆ ಬಂದೆ. ಏನಾದರಾಗಲಿ, ಮುಖಕ್ಕೆ ಹೊಡೆದ ಹಾಗೆ ಕೇಳಿಯೇಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀನಿರಲಿಲ್ಲ. ನಿನ್ನ ಗಾದಿಯ ಮೇಲೆ ನಂಜುಂಡಪ್ಪನವರು ಕಾಫಿ ಕುಡಿಯುತ್ತಾ ಕೂತಿದ್ದರು. ಅವರನ್ನೇ ಕೇಳಿದೆ. ಅವರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ.

"ಅಲ್ಲಾ ಅಂಜನಪ್ಪ, ಆಟಕ್ಕೆ ನಾಲ್ಕೇ ಜನ ಚೆಂದ ಕಣಪ್ಪ. ನೀನು ಹೆಂಗೂ ಬತ್ತೀಯಲ್ಲ. ಬೆಂಗಳೂರಲ್ಲಿ ಮಾಡಿದ ಕೆಲ್ಸಾನೇ ಅಂತೆ, ಅಭ್ಯಾಸ ಐತೆ. ನೀನೇ ಒಪ್ಕಂಡಿದೀಯ ಅಂತ ತೋಂಟದಾರ್ಯ ಅಂದ್ರು."

ಸುತ್ತ ನಾಲ್ಕು ಜನ ಹಮಾಲರು, ಇಬ್ಬರು ರೈತರು ಇದ್ದರು. ಎಲ್ಲರೂ ಕೇಳಿಸಿಕೊಂಡರು. ನಾನೇನು ಹೇಳಿದೆ ಗೊತ್ತೇ? ಹೌದು ಸಾಹುಕಾರ್ರೇ ಎಂದೆ. ನನ್ನ ನಾಲಿಗೆಗೆ ಬರಬಾರದ್ದು ಬರಲಿ. ಹೌದು ಎಂದು ಹೇಳಿ, ಅವರು ತರಿಸಿಕೊಟ್ಟ ಕಾಫಿಯನ್ನೂ ಕುಡಿದು, ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ಎರಡು ನೊಣವಿನಕೆರೆ ಬಸ್ಸು ಕಣ್ಣ ಮುಂದೆಯೇ ಹೋದವು, ಮೂರನೆಯದನ್ನು ಹತ್ತಿದೆ.

ಆಮೇಲೆ ಕೂತು ಯೋಚಿಸಿದೆ, ನಿನಗೆ ಈ ಧೈರ್ಯ ಎಲ್ಲಿಂದ ಬಂತು ಎಂದು. ಮಂಡಿಯಿಂದಲೇ ಬಂದಿದೆ. ನಾನು ಕೊಬ್ಬರಿ ಮೂಟೆ ಇಳಿಸಿ, ಚೀಟಿ ಜೇಬಿಗೆ ಹಾಕಿಕೊಂಡು ಊರಿಗೆ ಬಂದುಬಿಡುತ್ತೇನೆ. ಟೆಂಡರಿನಲ್ಲಿ ಬಂದ ರೇಟಿಗೆ ಕೊಡುವುದೋ ಬೇಡವೋ ಎಂದು ಮಂಡಿಯವರು ಮಾಲು ತಂದವನನ್ನು ಕೇಳಬೇಕು. ನೀನು ಮಿಕ್ಕವರಿಗೆಲ್ಲ ಫೋನು ಮಾಡುತ್ತೀಯ, ನನಗೆ ಮಾಡುವುದಿಲ್ಲ. ಅಂಜನಪ್ಪಂದು ನಾನೇ ಒಪ್ಪಿದೀನಿ ಬುಡಿ ಎಂದು ಹೇಳಿ ಮುಗಿಸುತ್ತೀಯ. ಅದರಲ್ಲಿ ನನಗೆ ಯಾವತ್ತೂ ಮೋಸವಾಗಿಲ್ಲ, ಅದನ್ನು ಒಪ್ಪುತ್ತೇನೆ. ಊರಿನವರ ಮುಂದೆ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡೂ ಇದ್ದೇನೆ, ತೋಂಟದಾರ್ಯ ನನ್ನನ್ನು ಕೇಳುವುದೇ ಇಲ್ಲ, ಅಷ್ಟು ಸಲಿಗೆ ಎಂದು. ಆದರೆ ಕೊಬ್ಬರಿಗೆ ಒಪ್ಪುವುದೂ ನನಗೆ ಒಪ್ಪುವುದೂ ಒಂದೇ ಅಂತ ನಿನಗೆ ಯಾರು ಹೇಳಿದರು?

ನೀನು ನನ್ನನ್ನು ಬಿಟ್ಟು ಹೋಗುತ್ತೇನೆ ಎಂದಿದ್ದರೆ ಒಂದು ವಾರ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದೆ. ನಾಲ್ಕೇ ಜನ ಸಾಕು ಕಣ್ಲಾ, ನೀನು ಬೇಡ ಎಂದು ಮುಖ ನೋಡಿ ಹೇಳಿದ್ದರೆ ಸಾಕಿತ್ತು. ನೀನು ಹಾಗೆ ಮಾಡಲಿಲ್ಲ. ನನ್ನ ಗುಟ್ಟನ್ನು ಅವರ ಮುಂದೆ ಸುರಿದು, ನನ್ನ ಬಾಯಲ್ಲಿ ನಿನ್ನ ಮಾತು ಇಟ್ಟು, ನನ್ನನ್ನು ಮತ್ತೆ ಚೀಲದ ಕೆಳಗೆ ನಿಲ್ಲಿಸಿದೆ. ಐವತ್ತು ವರ್ಷದ ಸ್ನೇಹದಲ್ಲಿ ನೀನು ಮಾಡಿದ ದ್ರೋಹ ಇದೊಂದೇ, ಆದರೆ ಇದೊಂದು ಸಾಕು.

ಪ್ರವಾಸ ಹಾಳು ಮಾಡುವ ಮನಸ್ಸು ನನಗಿಲ್ಲ. ನಾನು ಬರುವುದಿಲ್ಲ ಎಂದು ಮಾರ್ತಾಳಿಗೆ ನಾನೇ ಬರೆದಿದ್ದೇನೆ, ಈ ಸಲ ಸ್ಪಂದನಳಿಂದ ತಿದ್ದಿಸಲಿಲ್ಲ, ತಪ್ಪಿದ್ದರೆ ಇರಲಿ. ಏಳನೇ ಗುಂಡಿಯಲ್ಲಿ ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ, ನೀನು ಬಲಕ್ಕೆ ನೋಡಿ ಹೊಡಿ. ನಿನಗೆ ಮೊದಲಿಂದ ಎಡಕ್ಕೆ ಎಳೆಯುವ ಚಾಳಿ. ಇನ್ನು ಮೇಲೆ ನಮ್ಮ ತೋಟಕ್ಕೆ ಆಡಲು ಯಾರೂ ಬರುವುದು ಬೇಡ. ಈ ವರ್ಷದ ಕೊಬ್ಬರಿ ಬೇರೆ ಮಂಡಿಗೆ ಹಾಕುತ್ತೇನೆ, ರೇಟು ಕೇಳಿದರೆ ನಾನೇ ಹೂಂ ಅನ್ನುತ್ತೇನೆ ಇಲ್ಲವೇ ಊಹೂಂ ಅನ್ನುತ್ತೇನೆ.

ವರ್ಷಿಣಿಯ ಮೇಲೆ ನನಗೆ ಕೋಪವಿಲ್ಲ, ಅಪ್ಪ ಹೇಳಿದ್ದನ್ನು ಬರೆದ ಮಗು, ಅವಳಿಗೆ ಒಳ್ಳೆಯದಾಗಲಿ ಎಂದು ಹರಸಿದ್ದೇನೆಂದು ಹೇಳು. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ. ಶಾಲೆಯಿಂದ ಬಂದಾಗ ನಿನಗೆ ಹಾಕಿದಷ್ಟೇ ಬೆಣ್ಣೆ ನನ್ನ ರೊಟ್ಟಿಗೂ ಹಾಕಿದ ಕೈ ಅದು. ನೀವು ನಾಲ್ವರೂ ಸುಖವಾಗಿ ಹೋಗಿ, ಸುಖವಾಗಿ ಬನ್ನಿ.

ಇಂತು,
ಅಂಜನಪ್ಪ

ವಿ.ಸೂ.: ಸಹಿ ಹಾಕಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇಷ್ಟು ಹೊತ್ತು ಬರೆದದ್ದು ಆಟದ ವಿಷಯ. ಅದನ್ನು ಹೇಗೋ ನುಂಗಿಕೊಳ್ಳುತ್ತೇನೆ. ಹೋದ ಸೋಮವಾರ ತಿಪಟೂರಿನ ಛತ್ರದಲ್ಲಿ ಒಂದು ಮದುವೆಗೆ ಹನುಮಂತಮ್ಮ ಬಂದಿದ್ದಳು. ನಿನ್ನ ಹೆಂಡತಿ ಗುರುಶಾಂತಮ್ಮನವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರೀತಿಯಿಂದಲೇ, ನಮ್ಮವರು ಅಂಜನಪ್ಪನವರನ್ನೂ ಕರ್ಕೊಂಡು ಹೋಗ್ತಾರಂತೆ ಕಣಮ್ಮ, ಪಾಪ, ಬೆಂಗಳೂರಲ್ಲಿ ವರ್ಷಗಟ್ಟಲೆ ಚೀಲ ಹೊತ್ತವರು, ಫಾರಿನ್ ಆದರೂ ನೋಡಲಿ ಎಂದರಂತೆ. ಮೂವತ್ತನಾಲ್ಕು ವರ್ಷದಿಂದ ಹನುಮಂತಮ್ಮ, ಊರಿನವರೆಲ್ಲರ ಹಾಗೆ, ನಾನು ಆ ಕ್ಲಬ್ಬಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ ಎಂದೇ ನಂಬಿದ್ದಳು. ಹೆಣ್ಣು ನೋಡಲು ಹೋದ ದಿನ ಅವಳ ಅಪ್ಪನಿಗೆ ಹಾಗೆ ಹೇಳಿದವನು ನೀನು. ಹುಡುಗ ಒಪ್ಪಿದಾನೆ ಎಂದು ಅವತ್ತು ಬಾಯಿಬಿಟ್ಟು ಹೇಳಿದವನೂ ನೀನೇ. ನಾನು ನಿನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಚಕ್ಕುಲಿ ಮುರಿಯುತ್ತಾ ಕೂತಿದ್ದೆ.

ಮನೆಗೆ ಬಂದವಳು ಕೂಗಾಡಲಿಲ್ಲ. ಚೀಲ ಹೊತ್ತಿದ್ದಕ್ಕೆ ಅವಳಿಗೆ ಏನೂ ಇಲ್ಲವಂತೆ, ದುಡಿದು ತಿಂದದ್ದು ತಾನೇ ಎಂದಳು. ಮದುವೆಗೆ ಉಟ್ಟ ಸೀರೆ ಮಡಿಸುತ್ತಾ ಒಂದೇ ಮಾತು ಕೇಳಿದಳು.

"ನನ್ನ ಒಪ್ಕಂಡಿದ್ದಾದ್ರೂ ನೀವೇನಾ, ಇಲ್ಲಾ ಅದೂ ಅವ್ರೇ ಹೇಳಿದ್ದಾ?"

ನಾನೇ ಕಣೇ ಎಂದೆ. ಮೂರು ಸಲ ಹೇಳಿದೆ. ಅವಳು ನಂಬಲಿಲ್ಲ.