ಸತ್ಪ್ರಜೆಯ ಬ್ಯಾಡ್ಜು

೯ ಜುಲೈ, ಬುಧವಾರ

ಇಂದು ಈ ಮಹಾನುಭಾವನಿಗೆ ‘ವಾರದ ಸತ್ಪ್ರಜೆ’ ಬ್ಯಾಡ್ಜು ದೊರೆಯಿತು. ಟೀಚರ್ ಕಳೆದುಕೊಂಡಿದ್ದ ಕನ್ನಡಕವನ್ನು ಸೀಮೆಸುಣ್ಣದ ಡಬ್ಬಿಯಿಂದ ಹುಡುಕಿಕೊಟ್ಟ ಸತ್ಕಾರ್ಯಕ್ಕೆ. ನಿನ್ನೆ ಅದನ್ನು ಅಲ್ಲಿ ಬಚ್ಚಿಟ್ಟವನೂ ಇದೇ ಮಹಾನುಭಾವ. ಚಪ್ಪಾಳೆಗೆ ಗಂಭೀರವಾಗಿ ತಲೆಬಾಗಿದೆ.

ಅಷ್ಟರಲ್ಲಿ ಟೀಚರ್ ಕಸ ಗುಡಿಸುವ ಆಯಮ್ಮನ ಕಡೆ ತಿರುಗಿ, “ಗುಡಿಸೋಳು ನೀನೇ, ಎತ್ತಿಟ್ಟೋಳೂ ನೀನೇ. ನಾಳೆಯಿಂದ ನಮ್ಮ ಕ್ಲಾಸಿಗೆ ಬರ್ಬೇಡ” ಎಂದರು.

“ಅಯ್ಯೋ, ನಾನು ಮುಟ್ಟೇ ಇಲ್ಲಮ್ಮ” ಎಂದರು ಆಯಮ್ಮ.

ಆಮೇಲೆ ಹೊರಗೆ ಸಿಕ್ಕಾಗ ಆಯಮ್ಮ ನನ್ನ ವಾಲಿದ ಬ್ಯಾಡ್ಜನ್ನು ನೆಟ್ಟಗೆ ಮಾಡಿ, “ನೀನಾದ್ರೂ ಹುಡುಕಿಕೊಟ್ಯಲ್ಲ, ನನ್ನಪ್ಪ” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬ್ಯಾಡ್ಜು ಪಡೆದವರು ಮರುದಿನ ಪ್ರಾರ್ಥನೆಯ ವೇಳೆ ಎಲ್ಲರೆದುರು ಎರಡು ಮಾತಾಡಬೇಕು. ಮೊದಲನೆಯದು ಬರೆದಾಯಿತು: ‘ಬಚ್ಚಿಟ್ಟವನು ನಾನೇ.’ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಎರಡನೆಯದು ಆಯಮ್ಮನಿಗೆ ಹೇಳಬೇಕಾದದ್ದು. ಅದಕ್ಕೆ ಪೆನ್ನು ಹಿಡಿದರೆ ‘ಕ್ಷಮಿಸಿ’ ಎಂಬ ಒಂದು ಮಾತು ಸಾಲದೆನಿಸುತ್ತಿದೆ.